ಉಪ್ಪುಂದಕ್ಕೆ ಒಯ್ದ ಹತ್ತು ಶಬ್ದಗಳು

ಬ್ರಹ್ಮಾವರದಲ್ಲಿ ಬೆಳಿಗ್ಗೆ ಎಂಟರ ಬಸ್ಸು ಹತ್ತಿದಾಗ ನನ್ನ ಚೀಲದ ಒಳಮಗ್ಗುಲು ಹೊರಗಾಗಿತ್ತು. ನಾನೇ ಬೇಕೆಂದು ತಿರುವಿದ್ದು. ಅದರ ಹೊರಮೈ ಮೇಲೆ ಎಚ್‌ಐವಿ ಸಂಶೋಧನೆಯ ಹೆಸರು, ಕೆಂಪು ರಿಬ್ಬನ್ನಿನ ಚಿತ್ರ ಇತ್ತು. ನಾನು ನೋಡಲು ಹೊರಟಿದ್ದವರೋ, ಆ ಕಾಯಿಲೆಯನ್ನು ಎಂಟು ವರ್ಷ ಊರಿಗೆ ತಿಳಿಯದಂತೆ ಬಚ್ಚಿಟ್ಟವರು. ಸಾಸ್ತಾನದ ಟೋಲ್ ಬರುವುದರೊಳಗೆ ಮೂವರು, "ಹ್ವಾಯ್, ನಿಮ್ ಚೀಲ ಉಲ್ಟಾ ಆಯ್ತ್ ಕಾಣಿ" ಎಂದರು. ಪಕ್ಕದ ಅಜ್ಜಿಯಂತೂ ಕೈಯಿಂದ ಕಸಿದು ಸರಿಮಾಡಲೇ ಹೊರಟರು. ಕೋಟೇಶ್ವರದವರೆಗೂ ಚೀಲವನ್ನು ಮಗುವಿನಂತೆ ಅವುಚಿಕೊಂಡು ಕೂತೆ.

ಕುಂದಾಪುರದಲ್ಲಿ ಇಳಿದು ಗೋಳಿಬಜೆ ತಿಂದೆ, ಚಹಾ ಕುಡಿದೆ. ಜೂನ್ ಕೊನೆಯ ಮಳೆ ಬಿಡುವು ಕೊಡದೆ ಸುರಿಯುತ್ತಿತ್ತು. ಬೈಂದೂರು ಬಸ್ಸು ಬಂದದ್ದೇ ತಡ, ಜನ ಕಿಟಕಿಯಿಂದ ಟವೆಲು, ಕೊಡೆ ಎಸೆದು ಸೀಟು ಹಿಡಿದರು. ನಾನು ಮರವಂತೆಯವರೆಗೆ ನಿಂತೇ ಹೋದೆ.

ನಮ್ಮ ಸಂಶೋಧನೆಯದೂ ಹೆಚ್ಚುಕಡಿಮೆ ಸೀಟಿನ ಜಗಳವೇ. ಮಿದುಳಿನಲ್ಲಿ ಓಪಿಯಾಯ್ಡ್ ರಿಸೆಪ್ಟರ್ ಎಂಬ ಪುಟ್ಟ ಜಾಗಗಳಿವೆ. ನೋವು ತಗ್ಗಿಸಲು ದೇಹವೇ ತಯಾರಿಸುವ ರಸಗಳಿಗೆ ಮೀಸಲಾದ ಸೀಟುಗಳು. ಬ್ರೌನ್ ಶುಗರ್ ಎಂಬ ಮಾದಕ ಪುಡಿ ಬಂದು ಅಲ್ಲಿ ಕೂತು ಅಭ್ಯಾಸವಾದರೆ ಮತ್ತೆ ಮತ್ತೆ ಅದೇ ಬೇಕು. ಚಟ ಬಿಡಿಸಲು ನಾಲಿಗೆಯಡಿ ಇಡುವ ಮಾತ್ರೆ ಆ ಸೀಟಿಗೆ ಹಾಕಿದ ಟವೆಲು. ಇನ್ನು ಎಚ್‌ಐವಿಯೂ ಮಿದುಳನ್ನು ಹೊಕ್ಕು ನೆನಪನ್ನು ಮಂಕು ಮಾಡಬಲ್ಲದು. ಎರಡೂ ಸೇರಿದರೆ ಏನಾಗುತ್ತದೆ ಎಂದು ನಮ್ಮ ಡಾಕ್ಟರು ಪ್ರಯೋಗಾಲಯದಲ್ಲಿ ಹುಡುಕುತ್ತಾರೆ. ನಾನು ರೋಗಿಗಳಿಗೆ ಹತ್ತು ಶಬ್ದ ಓದಿ ಹೇಳಿ, ಎಷ್ಟು ನೆನಪುಳಿಯಿತು ಎಂದು ಬರೆದುಕೊಳ್ಳುತ್ತೇನೆ. ಡಾಕ್ಟರದು ದೊಡ್ಡ ಕೆಲಸ, ತಿರುಗಾಟವೆಲ್ಲ ನನ್ನದು.

ಮಂಜಣ್ಣ (ಹೆಸರು ಬದಲಿಸಿದ್ದೇನೆ) ಮುಂಬೈ ಹೋಟೆಲಿನಲ್ಲಿದ್ದಾಗ ಬ್ರೌನ್ ಶುಗರ್‌ಗೆ ಬಿದ್ದವರು. ಹಂಚಿಕೊಂಡ ಸೂಜಿಯಿಂದ ಎಚ್‌ಐವಿ ತಗಲಿತು. ಊರಿಗೆ ಬಂದು ಚಟ ಬಿಟ್ಟರು, ಎಚ್‌ಐವಿ ಮಾತ್ರೆ ಒಂದು ದಿನವೂ ತಪ್ಪಿಸಲಿಲ್ಲ, ಮೀನು ದೋಣಿಯ ತಾಂಡೇಲರಾದರು. ಅಂದರೆ ಕಡಲಿನಲ್ಲಿ ದೋಣಿಗೂ ಜನಕ್ಕೂ ಹೊಣೆ ಅವರೇ. ಮಳೆಗಾಲದ ರಜೆಗೆ ಮುಂಚೆ ಕೊನೆಯ ಸಲ ಹೋದಾಗ ಬಲೆ ಬಿಟ್ಟ ಜಾಗವೇ ಮರೆತುಹೋಯಿತಂತೆ. ಅಂದಿನಿಂದ ಒಂದೇ ಹೆದರಿಕೆ, ಕಾಯಿಲೆ ಮಿದುಳಿಗೆ ಹೋಯಿತೇ? ಹೋಗಿದ್ದರೆ ಏಳು ಜನರನ್ನು ನಂಬಿಸಿ ಕಡಲಿಗೆ ಕರೆದೊಯ್ಯುವುದು ಹೇಗೆ? ರಜೆ ಮುಗಿದ ಮೇಲೆ ದೋಣಿಯನ್ನು ಕಡಲಿಗೆ ಬಿಡುತ್ತೀರಾ ಎಂದು ಕೇಳಿದ ದೋಣಿಯ ಯಜಮಾನರಿಗೆ ಉತ್ತರ ಕೊಡದೆ ದಿನ ದೂಡುತ್ತಿದ್ದರು. ಆಸ್ಪತ್ರೆಗೂ ಎರಡು ಸಲ ಬರುತ್ತೇನೆಂದು ಬಾರದೇ ಉಳಿದರು. ಅದಕ್ಕೇ ನಾನು ಹೊರಟದ್ದು.

ಉಪ್ಪುಂದದಲ್ಲಿ ಇಳಿದು ಮನೆ ತಲುಪಿದರೆ, ಗುಟ್ಟಿನಲ್ಲಿ ಪರೀಕ್ಷೆ ಮಾಡುವ ನನ್ನ ಯೋಜನೆ ಮಳೆಗೆ ಹಾಕಿದ ಹಪ್ಪಳವಾಯಿತು. ದೋಣಿಗಳೆಲ್ಲ ದಡದಲ್ಲಿ, ಗಂಡಸರೆಲ್ಲ ಮನೆಯಲ್ಲಿ. ಹೊಸ ಹೆಂಗಸೊಬ್ಬಳು ಬಂದಳೆಂದು ಐದೇ ನಿಮಿಷದಲ್ಲಿ ಜಗಲಿ ತುಂಬಿತು. ಪಕ್ಕದ ಮನೆಯ ಗಿರಿಜಕ್ಕ ನನ್ನೆದುರೇ ಕೂತು ಕೇಳಿದರು: "ನಿಮ್ಗ್ ಊರ್ ಎಲ್ಲಾಯ್ತ್? ಎಂತಕ್ ಬಂದದ್ದ್?"

ಮಂಜಣ್ಣನ ಮುಖ ಬಿಳಿಚಿತು. ಸುಳ್ಳು ನನಗೆ ಸಲೀಸಾಗಿ ಬಾರದು. "ನೆನ್ಪಿನ್ ಪರೀಕ್ಷೆ, ನಲ್ವತ್ತ್ ದಾಟಿದವ್ರಿಗೆ" ಅಂದುಬಿಟ್ಟೆ.

"ಹಾಂಗಾರೆ ನಮ್ಗೂ ಮಾಡಿ" ಎಂದರು ಗಿರಿಜಕ್ಕ. ಜಗಲಿಯಲ್ಲಿದ್ದವರೆಲ್ಲ ಸಾಲಾಗಿ ಕೂತರು.

ಒಬ್ಬರಾದ ಮೇಲೆ ಒಬ್ಬರಿಗೆ ಮಾಡಿದೆ. ಒಬ್ಬರಿಗೆ ಓದಿದ ಶಬ್ದ ಇನ್ನೊಬ್ಬರ ಕಿವಿಗೆ ಬೀಳದಿರಲೆಂದು ಒಳಕೋಣೆಗೆ ಕರೆದೆ. ಯಾರು ಎಷ್ಟು ಹೇಳಿದರೆಂಬುದು ಮಾತ್ರ ಜಗಲಿಗೆ ತಿಳಿಯುತ್ತಿತ್ತು, ಅದಕ್ಕೆ ಎಲ್ಲರೂ ಬೆರಳು ಮಡಚಿ ಲೆಕ್ಕ ಹಿಡಿದರು. ನಿವೃತ್ತ ಮೇಷ್ಟ್ರೊಬ್ಬರು ಆರು ಹೇಳಿ, ತಪ್ಪು ನನ್ನ ಉಚ್ಚಾರದ್ದು ಎಂದರು. ಗಿರಿಜಕ್ಕ ಹೇಳಿದ್ದು ನಾಲ್ಕು, ಜೊತೆಗೆ ಪಟ್ಟಿಯಲ್ಲೇ ಇಲ್ಲದ ಮೂರು ಮೀನಿನ ಹೆಸರು. ಕಡೆಗೆ ಮಂಜಣ್ಣ ಬಂದರು. ಬೆವರು ಒರೆಸಿಕೊಂಡು, ಕಣ್ಣು ಮುಚ್ಚಿ ಒಂದೊಂದಾಗಿ ಹೇಳಿದರು. ಒಂಬತ್ತು.

ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಕೇಳುವುದು ನಿಯಮ. ಆಗಲೂ ಅದೇ ಒಂಬತ್ತು. ಮರೆತದ್ದು ಕುದುರೆ ಮಾತ್ರ.

"ಕುದ್ರಿ ಬಿಡಿ, ಸಮುದ್ರದಲ್ ಎಂತಕ್ ಅದ್?" ಎಂದು ಗಿರಿಜಕ್ಕ ತೀರ್ಪು ಕೊಟ್ಟರು. ಕಾಯಿಲೆಯ ವಿಷಯ ಗೊತ್ತಿದ್ದ ಒಬ್ಬರೇ ಒಬ್ಬರು ಮಂಜಣ್ಣನ ಹೆಂಡತಿ. ಅವರು ಹಲಸಿನ ಹಪ್ಪಳದ ತಟ್ಟೆ ತಂದು ಮೊದಲು ಗಂಡನ ಮುಂದೆಯೇ ಇಟ್ಟರು. ನೆರೆಯವರು ನಮ್ಮ ಸಂಶೋಧನೆಗೆ ಸೇರಿದವರಲ್ಲ, ಅವರ ಹಾಳೆಗಳನ್ನೆಲ್ಲ ಅಲ್ಲೇ ಹರಿದು ಒಲೆಗೆ ಹಾಕಿಸಿದೆ.

ಮಂಜಣ್ಣ ಬಸ್‌ಸ್ಟಾಪಿನವರೆಗೆ ಬಂದರು. ಅಲ್ಲಿ ನಾವಿಬ್ಬರೇ. "ಹಾಂಗಾರೆ ನಾನ್ ದೋಣಿ ಬಿಡ್ಲಕ್ಕಾ?" ಎಂದು ಮೆಲ್ಲಗೆ ಕೇಳಿದರು.

"ಇದೊಂದ್ರಲ್ಲೇ ಹೇಳುಕ್ ಆತ್ತಿಲ್ಲೆ ಮಂಜಣ್ಣ. ಡಾಕ್ಟ್ರ್ ಕಾಣ್ಕ್. ಗುರುವಾರ ಬನ್ನಿ."

ಅವರು ಫೋನು ತೆಗೆದು ದೋಣಿಯ ಯಜಮಾನರಿಗೆ ಮಾಡಿದರು. ಅಷ್ಟರಲ್ಲಿ ನನ್ನ ಬಸ್ಸು ಬಂತು. ಹತ್ತಿ ಕಿಟಕಿಯಿಂದ ತಿರುಗಿ ನೋಡಿದೆ. ಕೈ ಬೀಸುವ ವ್ಯವಧಾನ ಅವರಿಗಿರಲಿಲ್ಲ. ಮಳೆಯ ಸದ್ದಿಗೆ ದನಿ ಏರಿಸಿ ಹೇಳುತ್ತಿದ್ದರು:

"ಗುರುವಾರ ಆಸ್ಪತ್ರಿಗ್ ಹೋಪುದಿತ್ತ್. ಡಾಕ್ಟ್ರ್ ಹೂಂ ಅಂದ್ರೆ ದೋಣಿ ನಾನೇ ಬಿಡ್ತೆ, ಬೇರೆ ಯಾರಿಗೂ ಕೊಡ್ಬೇಡಿ. ಎಂತದಾ? ನೆನ್ಪಿನ್ ಪರೀಕ್ಷೆ ಮಾರಾಯ್ರೆ. ಇಡೀ ಕೇರಿಗೇ ಮಾಡಿರ್. ನಾನೇ ಫಸ್ಟ್."