ಹಾಳೆ ತಿರುವುವ ಕುರ್ಚಿ

ನಾದಿನಿ ಕರೆದದ್ದನ್ನು ಕೇಳಿ ಕೇಳಿ ಊರವರೆಲ್ಲ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಸಂಗೀತದ ಬರಹ ಅವಳಿಗೆ ಓದಲು ಬಾರದು. ಆದರೂ ಒಂಬತ್ತು ವರ್ಷದಿಂದ ಪಿಯಾನೊ ಪಕ್ಕದಲ್ಲಿ ಕುಳಿತು ನಾದಿನಿಗೆ ಪುಸ್ತಕದ ಹಾಳೆ ತಿರುವಿಕೊಡುತ್ತಿದ್ದಳು. ಮೊದಲು ಆ ಕುರ್ಚಿ ಗಂಡನದಾಗಿತ್ತು. ಅವನು ತೀರಿಕೊಂಡ ಮೇಲೆ ಅದನ್ನು ಖಾಲಿ ನೋಡಲಾರದೆ ತಾನೇ ಹೋಗಿ ಕುಳಿತಳು.

ಭಾನುವಾರ ಮಧ್ಯಾಹ್ನ ಊರವರ ಮುಂದೆ ನುಡಿಸುತ್ತಿದ್ದವರು ಮೂವರು. ನಾದಿನಿಯದು ಪಿಯಾನೊ, ದರ್ಜಿಯದು ಊದುವ ಕ್ಲಾರಿನೆಟ್. ಪಿಟೀಲಿಗಿಂತ ತುಸು ದೊಡ್ಡದಾದ, ದನಿ ತಗ್ಗಿದ ವಯೋಲಾ ಶಾಲೆಯ ಟೀಚರದು. ಟೀಚರಿಗೆ ಮಾತು ಕಡಿಮೆ. ಅವರ ಪಾಲಿನದನ್ನೂ ದರ್ಜಿಯೇ ಆಡುತ್ತಿದ್ದ.

ಅತ್ತಿಗೆಯ ಗುಟ್ಟೆಲ್ಲ ದರ್ಜಿಯ ಎಡಹೆಗಲಲ್ಲಿತ್ತು. ಅವನು ಉಸಿರೆಳೆದುಕೊಂಡಾಗಲೆಲ್ಲ ಅದು ಮೇಲೇಳುತ್ತಿತ್ತು. ಎಷ್ಟನೇ ಉಸಿರಿಗೆ ಯಾವ ಹಾಳೆ ಎಂಬುದು ಅವಳಿಗೆ ಬಾಯಿಪಾಠ. ಇದನ್ನು ಯಾರಿಗೂ ಹೇಳಿರಲಿಲ್ಲ.

ಆ ಭಾನುವಾರ ದರ್ಜಿಗೆ ನೆಗಡಿ. ಮೂಗು ಕಟ್ಟಿ, ಸಿಕ್ಕಸಿಕ್ಕಲ್ಲಿ ಉಸಿರೆಳೆದುಕೊಂಡ. ಲೆಕ್ಕದ ಪ್ರಕಾರ ಅತ್ತಿಗೆ ತಿರುವಿದಳು. ಮೂರನೇ ಹಾಳೆಯಲ್ಲಿ ಇನ್ನೂ ಎರಡು ಸಾಲು ಬಾಕಿಯಿತ್ತು. ನಾದಿನಿಯ ಕೈ ತಡವರಿಸಿತು, ಮೂವರೂ ನಿಂತರು. ಕೇಳುತ್ತಿದ್ದವರಲ್ಲಿ ಯಾರೋ ಕೆಮ್ಮಿದರು.

ನಾದಿನಿ ರೇಗಲಿಲ್ಲ. ಜನ ಹೋದ ಮೇಲೆ ಪಿಯಾನೊ ಮುಚ್ಚುತ್ತಾ, "ಅಣ್ಣ ಇದ್ದಾಗ ಒಂದಿನಾನೂ ಹೀಗಾಗಿರ್ಲಿಲ್ಲ ಅತ್ತಿಗೆ. ಮುಂದಿನ ವಾರ ಓದೋಕೆ ಬರೋರನ್ನ ಕೂರಿಸ್ತೀನಿ," ಎಂದಳು.

ಅತ್ತಿಗೆ ಬಿಡಲಿಲ್ಲ. ಬುಧವಾರದ ಅಭ್ಯಾಸಕ್ಕೊಂದು ಸಲ ಕೂರುತ್ತೇನೆಂದು ನಾದಿನಿಯನ್ನು ಅಂಗಲಾಚಿ, ಪಿಯಾನೊ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಟೀಚರ ಮನೆಗೆ ಹೋದಳು. ಪ್ರತಿ ಹಾಳೆ ಮುಗಿಯುವ ಕಡೆ ವಯೋಲಾ ಏನು ನುಡಿಸುತ್ತದೋ ಅದನ್ನಷ್ಟೇ ಕೇಳಿಸಿ ಎಂದಳು. ಟೀಚರು ಯಾಕೆಂದು ಕೇಳಲಿಲ್ಲ. ಎರಡು ಸಂಜೆ, ಹದಿನಾಲ್ಕು ಹಾಳೆ, ಒಂದೊಂದನ್ನೂ ಹತ್ತು ಸಲ ನುಡಿಸಿದರು.

ಬುಧವಾರ ಅತ್ತಿಗೆ ಕುರ್ಚಿಯನ್ನು ಓರೆ ಮಾಡಿ, ದರ್ಜಿಗೆ ಬೆನ್ನು ಹಾಕಿ, ವಯೋಲಾಕ್ಕೆ ಕಿವಿಗೊಟ್ಟು ಕುಳಿತಳು. ಅವನ ಮೂಗು ಇನ್ನೂ ಸೊರಸೊರ ಎನ್ನುತ್ತಿತ್ತು. ಹದಿನಾಲ್ಕು ಹಾಳೆಯೂ ತಿರುಗಬೇಕಾದಲ್ಲೇ ತಿರುಗಿದವು.

"ಏನತ್ತಿಗೆ, ನನ್ ಮುಖ ನೋಡೋಕೂ ಬೇಜಾರಾ?" ಎಂದ ದರ್ಜಿ.

"ನಿಮ್ಮ ಹೆಗಲು ನಂಬ್ಕೊಂಡು ಕುರ್ಚಿ ಕಳ್ಕೊಳ್ತಿದ್ದೆ."

ಆಗ ಎಲ್ಲ ಹೊರಬಿತ್ತು. ನಾದಿನಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಓರೆಯಾಗಿದ್ದ ಆ ಕುರ್ಚಿಯನ್ನು ತಾನೇ ಪಿಯಾನೊಗೆ ಇನ್ನಷ್ಟು ಹತ್ತಿರ ಎಳೆದಿಟ್ಟು, "ಭಾನುವಾರ ಮೂರು ಗಂಟೆಗೆ, ಮರೀಬೇಡಿ," ಎಂದಳು.