ಶಾಯಿಯ ಕಲೆಯಲ್ಲಿ ಅಮರಪ್ಪ ಕಂಡದ್ದು

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ಭೀಮರಾಯನಗುಡಿ ಹತ್ತಿರ ಕಾಲುವೆಯ ಗೇಟು ಕಾಯುವ ಅಮರಪ್ಪನಿಗೆ ದೇವರು ಬಾಯನ್ನು ಧಾರಾಳವಾಗಿಯೇ ಕೊಟ್ಟಿದ್ದ. ನೀರು ಬಿಡು ಎಂದು ಬೈಯುತ್ತ ಬಂದ ರೈತರು ಅವನ ಚಹಾ ಕುಡಿದು ನಗುತ್ತ ಹೋಗುತ್ತಿದ್ದರು. ಗೇಟಿನ ಕಟ್ಟೆಯ ಮೇಲೆ ಕೂತು ಅವನು ಬದುವಿನ ಜಗಳ ಬಗೆಹರಿಸಿದ್ದುಂಟು, ಮದುವೆ ಕೂಡಿಸಿದ್ದೂ ಉಂಟು.

ಆಮೇಲೆ ಗೇಟಿಗೆ ಯಂತ್ರ ಬಂತು. ಆಫೀಸಿನಲ್ಲಿ ಯಾರೋ ಗುಂಡಿ ಒತ್ತಿದರೆ ಇಲ್ಲಿ ಬಾಗಿಲು ಏಳುತ್ತದೆ. ಎಣ್ಣೆ ಹಾಕುವ, ಕಸ ತೆಗೆಯುವ ಕೆಲಸವಷ್ಟೇ ಅಮರಪ್ಪನಿಗೆ ಉಳಿಯಿತು, ಬೈಯಲಿಕ್ಕೂ ಯಾರೂ ಬರದಾದರು. ಅದೇ ಹೊತ್ತಿಗೆ ಕೈಗೆ ದೊಡ್ಡ ಫೋನು ಬಂತು. ಅದರೊಳಗೆ ಊರೂರಿನ ಮಂದಿ ಹಗಲೆಲ್ಲ ಮಾತಾಡುತ್ತಿದ್ದರು. ಉಣ್ಣುವಾಗಲೂ ಫೋನು, ಹಾಸಿಗೆಯಲ್ಲೂ ಫೋನು. ಹೆಂಡತಿ ಶಿವಬಸಮ್ಮ ಬೈದಳು, ಮುನಿದಳು, ಒಮ್ಮೆ ಅದನ್ನು ಜೋಳದ ಚೀಲದಲ್ಲಿ ಹುಗಿದೂ ಇಟ್ಟಳು. ಕಡೆಗೆ ಅವಳು ಜ್ವರದಲ್ಲಿ ಮಲಗಿ ನೀರು ಕೇಳಿದಾಗ, ಪಕ್ಕದಲ್ಲೇ ಫೋನು ನೋಡಿ ನಗುತ್ತಿದ್ದ ಪುಣ್ಯಾತ್ಮನಿಗೆ ಕೇಳಿಸಲೇ ಇಲ್ಲ. ಜ್ವರ ಬಿಟ್ಟ ಮೇಲೆ ಅವಳು ಒಂದೇ ಮಾತು ಹೇಳಿದಳು.

"ಈ ಫೋನಿನ ಹುಚ್ಚು ಬಿಡಸಾಕ ಶಹಾಪುರದ ದವಾಖಾನಿಗಿ ನಡೀರಿ. ಇಲ್ಲಂದ್ರ ನಾ ಹುಣಸಗಿಗಿ, ತವರಮನಿಗಿ ಹೋಗ್ತೇನಿ. ತಿರುಗಿ ಬರಂಗಿಲ್ಲ."

ಅವಳು ಸುಮ್ಮನೆ ಹೆದರಿಸುವವಳಲ್ಲ. ಅಮರಪ್ಪ ಬಸ್ಸು ಹತ್ತಿದ.

ದವಾಖಾನೆಯಲ್ಲಿ ಮನಸ್ಸಿನ ಪರೀಕ್ಷೆ ಮಾಡುವ ಖುರ್ಷೀದಬೇಗಂ ಶಿವಬಸಮ್ಮನನ್ನು ಹೊರಗೆ ಕೂರಿಸಿ, ಅವನ ಮುಂದೆ ಒಂದು ರಟ್ಟು ಇಟ್ಟರು. ಶಾಯಿ ಚೆಲ್ಲಿದ ಕಾಗದವನ್ನು ಮಡಚಿ ಬಿಚ್ಚಿದಂಥ ಕಲೆ. ಅಮರಪ್ಪ ಕಣ್ಣಿನ ಪರೀಕ್ಷೆ ಅಂದುಕೊಂಡು ಒಂದು ಕಣ್ಣು ಮುಚ್ಚಿದ.

"ಎರಡೂ ತೆರೀರಿ," ಅವರು ನಕ್ಕರು. "ಏನು ಕಾಣ್ತದ ಹೇಳ್ರಿ. ಇದರಾಗ ತಪ್ಪು-ಸರಿ ಇಲ್ಲ."

"ಇಬ್ಬರು ಕುಂತು ಮಾತಾಡಾಕತ್ತಾರ್ರಿ."

ಇನ್ನೊಂದು ರಟ್ಟು ಬಂತು.

"ಇಲ್ಲೂ ಇಬ್ಬರ ಅದಾರ. ಜಗಳ ತಗದಾರ. ಆದ್ರ ಖರೇ ಸಿಟ್ಟಲ್ರಿ, ಈಗ ಚಾ ಕುಡೀತಾರ ನೋಡ್ರಿ."

ಮುಂದಿನದರಲ್ಲಿ ಕಲೆಯೆಲ್ಲ ನಡುವೆ ಒಂದೇ ಗುಡ್ಡೆಯಾಗಿತ್ತು. ಅಮರಪ್ಪ ರಟ್ಟನ್ನು ಹತ್ತಿರಕ್ಕೆ ಎಳೆದುಕೊಂಡ.

"ಒಬ್ಬಾಂವ ನಿಂತಾನ್ರಿ."

"ಯಾಕ ನಿಂತಾನ?"

"ಯಾರರ ಬರ್ತಾರೇನಂತ. ಯಾರೂ ಬರಂಗಿಲ್ರಿ."

ಆ ಒಬ್ಬಾತ ಯಾರೆಂದು ಹೇಳಬೇಕಾಗಿರಲಿಲ್ಲ. ಅಮರಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

"ನನಗ ಹುಚ್ಚು ಹಿಡದೈತೇನ್ರಿ?"

"ಇಲ್ರಿ. ಬರೇ ಚಿತ್ರದಾಗ ಮನಷ್ಯಾನ ತೂಕ ಆಗಂಗಿಲ್ಲ, ನೀವು ಇನ್ನೂ ಬರಬೇಕು, ಮಾತಾಡಬೇಕು. ಆದ್ರ ಇದನ್ನ ಮನಿಯವರಿಗಿ ಹೇಳೀರೇನು?"

ಹೇಳಿರಲಿಲ್ಲ. ಲೋಕದ ಕಷ್ಟಕ್ಕೆಲ್ಲ ಮಾತು ಕೂಡಿಸುವವನಿಗೆ ಸ್ವಂತ ಕಷ್ಟ ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಗಂಡಸರ ಹಣೆಬರಹವೇ ಇಷ್ಟು. ಖುರ್ಷೀದಬೇಗಂ ಶಿವಬಸಮ್ಮನನ್ನು ಒಳಗೆ ಕರೆದರು. ಅಮರಪ್ಪ ನೆಲ ನೋಡುತ್ತ ಹೇಳಿದ.

"ಗೇಟಿಗಿ ಈಗ ಯಾರೂ ಬರಂಗಿಲ್ಲ, ಬಸಮ್ಮ. ದಿನಾ ಒಬ್ಬನ ಕುಂತು ಕುಂತು ಸಾಕಾಗೈತಿ. ಅದಕ್ಕ ಆ ಫೋನಿನಾಗ ಬಿದ್ದೆ."

ಬೈಯಲು ಸಜ್ಜಾಗಿ ಬಂದಿದ್ದ ಶಿವಬಸಮ್ಮ ಅವನ ಪಕ್ಕದ ಕುರ್ಚಿಯಲ್ಲಿ ಕೂತಳು.

"ಅಲ್ಲಿ ಯಾರೂ ಬರ್ಲಿಲ್ಲಂದ್ರ ನೀವು ಮನಿಗಿ ಬರಬೇಕಿತ್ತು," ಅಂದಳು. "ನಾನೂ ಒಬ್ಬಾಕೀನ ಇದ್ನಲ್ಲ."

ಅಮರಪ್ಪ, ಡಾಕ್ಟರಮ್ಮ ಎದುರಿಗಿದ್ದಾರೆ ಎನ್ನುವುದನ್ನೂ ಮರೆತು ಹೆಂಡತಿಯ ಕೈ ಹಿಡಿದುಕೊಂಡ.