‘ಅರ್ಥವಿಲ್ಲದ ಮಾತು’ ಎಂದು ಬರೆದಿದ್ದೆ

2014ರ ಅಕ್ಟೋಬರ್‌ನಲ್ಲಿ ನಾನು ಸಿಯಾಟಲ್‌ನ ಉತ್ತರಕ್ಕಿರುವ ಲಿನ್‌ವುಡ್ ಕಡೆಯ ಆಸ್ಪತ್ರೆಯೊಂದರಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಪಾರ್ಶ್ವವಾಯು ಬಡಿದವರಲ್ಲಿ ಎಷ್ಟು ಮಾತು ಉಳಿದಿದೆ ಎಂದು ಪರೀಕ್ಷಿಸಿ, ಉಳಿದದ್ದನ್ನು ಬೆಳೆಸುವುದು ನನ್ನ ಕೆಲಸ. ಹನ್ನೆರಡು ವರ್ಷಗಳ ಅನುಭವವಿತ್ತು. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಆ ತಿಂಗಳು ಐಗುಲ್ ಎಂಬ ಅರವತ್ತೆಂಟರ ಹೆಂಗಸು ದಾಖಲಾದರು. ಕಿರ್ಗಿಸ್ತಾನದವರು, ಬಿಷ್ಕೆಕ್ ನಗರದ ಶಾಲೆಯಲ್ಲಿ ಮೂವತ್ತು ವರ್ಷ ರಷ್ಯನ್ ಕಲಿಸಿದವರು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಫೈಲಿನಲ್ಲಿ ‘ಭಾಷೆ: ರಷ್ಯನ್’ ಎಂದಿತ್ತು. ಅವರ ಗಂಡ ವಿಕ್ಟರ್ ರಷ್ಯನ್ನರು, ದಿನವಿಡೀ ಹಾಸಿಗೆಯ ಪಕ್ಕದಲ್ಲೇ ಕೂತಿರುತ್ತಿದ್ದರು.

ಫೋನಿನಲ್ಲಿ ರಷ್ಯನ್ ದುಭಾಷಿಯ ಮೂಲಕ ‘ಕಣ್ಣು ಮುಚ್ಚಿ’, ‘ಎಡಗೈ ಎತ್ತಿ’ ಎಂದು ಹೇಳಿಸಿದೆ. ಐಗುಲ್ ಸುಮ್ಮನೆ ನನ್ನ ಮುಖ ನೋಡಿದರು. ಆಮೇಲೆ ಏನೋ ತೊದಲಿದರು. ದುಭಾಷಿಗೆ ತಿಳಿಯಲಿಲ್ಲ, ಗಂಡನಿಗೂ ತಿಳಿಯಲಿಲ್ಲ. ‘ತೀವ್ರ ಅಫೇಜಿಯಾ’ ಎಂದು ಬರೆದೆ. ಮಿದುಳಿಗೆ ಪೆಟ್ಟಾಗಿ ಭಾಷೆಯೇ ಕೈಬಿಡುವ ಸ್ಥಿತಿ ಅದು. ಕೆಳಗೆ ‘ಅರ್ಥವಿಲ್ಲದ ಮಾತು’ ಎಂದೂ ಸೇರಿಸಿದೆ. ಅವರನ್ನು ನರ್ಸಿಂಗ್ ಹೋಮಿಗೆ ಕಳಿಸುವ ಮಾತು ಶುರುವಾಯಿತು.

ಆರನೆಯ ದಿನ ಬೆಳಿಗ್ಗೆ ಐಗುಲ್ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು, ತಮ್ಮ ಕಾಲಿನ ಕಡೆಗೆ ಎಳೆದರು. “ಬುತುಮ್... ಬುತುಮ್...” ಹಿಂದಿನ ದಿನವೂ ಅದೇ ಶಬ್ದ ಕೇಳಿದ್ದೆ. ಬಡಬಡಿಕೆಯಾದರೆ ಹೀಗೆ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ನಿಲ್ಲುವುದಿಲ್ಲ.

ದುಭಾಷಿಯ ಮೂಲಕ ವಿಕ್ಟರ್ ಅವರನ್ನು ಕೇಳಿದೆ: “ಇವರು ತಮ್ಮ ಅಮ್ಮನ ಹತ್ರ ಯಾವ ಭಾಷೆ ಮಾತಾಡ್ತಿದ್ರು?”

“ಕಿರ್ಗಿಜ್. ಆದ್ರೆ ಅದು ಹಳ್ಳಿಯಲ್ಲಿ, ಚಿಕ್ಕವಳಿದ್ದಾಗ. ನಮ್ಮನೇಲಿ ರಷ್ಯನ್ ಬಿಟ್ಟು ಬೇರೆ ಇಲ್ಲ. ನಂಗೆ ಅದು ಬರೋದೂ ಇಲ್ಲ.”

ಕಿರ್ಗಿಜ್ ದುಭಾಷಿ ಸಿಗುವಷ್ಟರಲ್ಲಿ ಮಧ್ಯಾಹ್ನವಾಯಿತು. ಸ್ಪೀಕರ್ ಹಾಕಿ ಫೋನನ್ನು ದಿಂಬಿನ ಮೇಲಿಟ್ಟೆ. ಐಗುಲ್ ಮಾತಾಡಿದರು. ದುಭಾಷಿ ಹೇಳಿದರು:

“ಮೇಡಂ, ಇವರು ತಡವರಿಸ್ತಿದ್ದಾರೆ, ಆದ್ರೆ ಅರ್ಥ ಸ್ಪಷ್ಟವಾಗಿದೆ. ‘ಬುತುಮ್’ ಅಂದ್ರೆ ನನ್ನ ಕಾಲು. ‘ಕಾಲು ನೋಯ್ತಿದೆ, ನಿನ್ನೆಯಿಂದ ಹೇಳ್ತಿದೀನಿ, ಯಾಕೆ ಯಾರೂ ನೋಡ್ತಿಲ್ಲ’ ಅಂತಿದ್ದಾರೆ.”

ಹೊದಿಕೆ ಸರಿಸಿ ನೋಡಿದೆ. ಬಲ ಮೀನಖಂಡ ಎಡದ್ದಕ್ಕಿಂತ ತುಸು ಊದಿತ್ತು, ಮುಟ್ಟಿದರೆ ಬಿಸಿ. ಡ್ಯೂಟಿ ಡಾಕ್ಟರ್ ನಂದಿನಿ ಮೈಸೂರಿನವರು. ಕರೆದ ಕೂಡಲೇ ಓಡಿ ಬಂದರು. “ಕ್ಲಾಟ್ ಇರಬೇಕು ರೀ. ಈಗ್ಲೇ ಸ್ಕ್ಯಾನ್ ಮಾಡ್ಸ್ತೀನಿ. ಇದು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಕಷ್ಟ.” ಸ್ಕ್ಯಾನ್‌ನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಸಂಜೆಯೊಳಗೆ ಚಿಕಿತ್ಸೆ ಶುರುವಾಗಿ ಜೀವ ಉಳಿಯಿತು.

ನಾನು ಖಾಲಿ ಕೋಣೆಯೊಂದಕ್ಕೆ ಹೋಗಿ ಕೂತೆ. ಎರಡು ಭಾಷೆ ಬಲ್ಲವರಲ್ಲಿ ಒಂದು ಕೆಟ್ಟು ಇನ್ನೊಂದು ಉಳಿಯಬಹುದೆಂದು ಓದಿ ಪರೀಕ್ಷೆ ಬರೆದವಳು ನಾನು. ಸಾಲದ್ದಕ್ಕೆ ಬೆಳ್ತಂಗಡಿಯವಳು, ತುಳು ಮನೆಮಾತು, ಕನ್ನಡ ಕಲಿತದ್ದು ಶಾಲೆಗೆ ಹೋದ ಮೇಲೆ. ಆದರೂ ಅಮ್ಮನ ಭಾಷೆ ಯಾವುದೆಂದು ಕೇಳಲು ಆರು ದಿನ ಬೇಕಾಯಿತಲ್ಲ!

ಮರುದಿನ ವಿಕ್ಟರ್ ಕಿರ್ಗಿಜ್ ದುಭಾಷಿಯಿಂದ ‘ನೋಯ್ತಿದೆಯಾ?’ ಎಂಬುದನ್ನು ಕಲಿತು, ಅಂಗೈಯಲ್ಲಿ ಬರೆದುಕೊಂಡು, ಹೆಂಡತಿಯನ್ನು ಕೇಳಿದರು. ನಲವತ್ತೊಂದು ವರ್ಷದ ಸಂಸಾರದಲ್ಲಿ ಹೆಂಡತಿಯ ತಾಯಿನುಡಿಯಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ ಅದು. ಐಗುಲ್ ಅರ್ಧ ಬಾಯಲ್ಲಿ ನಕ್ಕು, ಟೀಚರಮ್ಮನಂತೆ ಅವರ ಉಚ್ಚಾರಣೆ ತಿದ್ದಿದರು.

ನಾನು ಫೈಲಿನಲ್ಲಿ ನನ್ನ ತಪ್ಪನ್ನು ಬರೆದು ಸಹಿ ಹಾಕಿದೆ. ನನಗೆ ತಿಳಿಯದ ಮಾತನ್ನು ಅರ್ಥವಿಲ್ಲದ ಮಾತೆಂದು ಆಮೇಲೆ ಯಾವತ್ತೂ ಬರೆದಿಲ್ಲ.